ಉತ್ತರದ ಸಮುದ್ರಕ್ಕೆ ದೊಡ್ಡ ಹಡಗೋ, ಸಣ್ಣ ಹಡಗೋ: ನಾನು ಹಾಕುವ ಗಂಟೆ ಲೆಕ್ಕ

ರಾತ್ರಿಗೆ ಇಷ್ಟು ಎಂದು ಹಡಗಿನ ಬೆಲೆ ಅಳೆಯುವುದನ್ನು ಬಿಟ್ಟ ಮೇಲೆಯೇ ನನಗೆ ದೊಡ್ಡದೋ ಸಣ್ಣದೋ ಎಂಬ ಈ ಗೊಂದಲ ತೀರಿದ್ದು. ಮುಂಬೈ ಕಡೆಯ ಮಾಟುಂಗ, ಮುಲುಂಡ್, ಡೊಂಬಿವಲಿಯ ನಮ್ಮವರ ಗ್ರೂಪುಗಳಲ್ಲಿ ಬ್ಯಾಂಕಿನಿಂದ ನಿವೃತ್ತರಾದವರು, ಹೋಟೆಲಿನವರೇ ಹೆಚ್ಚು. ಅವರಿಗೆ ನಾರ್ವೆ, ಸ್ವಾಲ್ಬಾರ್ಡ್, ಅಲಾಸ್ಕಾ ಎಂದು ಉತ್ತರದ ಪ್ರವಾಸ ಕೂರಿಸುವಾಗ ಈಗ ನೋಡುವುದು ಇಷ್ಟೇ: ಒಬ್ಬರಿಗೆ ಹಡಗಿನಿಂದ ಇಳಿದು ಎಷ್ಟು ಗಂಟೆ ಸಿಗುತ್ತದೆ, ಆ ಗಂಟೆಗೆ ಎಷ್ಟು ಬಿತ್ತು. ಈ ಲೈನಿನವರೇ ನಕ್ಕಿದ್ದರು. "ಶೋ ಇಲ್ಲ, ಸ್ವಿಮ್ಮಿಂಗ್ ಪೂಲ್ ಇಲ್ಲ, ಸಣ್ಣ ಹಡಗಿಗೆ ಏಳೆಂಟು ಲಕ್ಷ ಯಾರು ಕೊಡ್ತಾರೆ ಮಾರಾಯ್ರೆ?" ಕೊಟ್ಟರು. ಹೋಗಿ ಬಂದವರು ತಮ್ಮ ಭಾವ, ಷಡ್ಡಕರನ್ನೂ ಕಳಿಸಿದರು.

ಲೆಕ್ಕ ಹೀಗೆ. ನಾರ್ವೆಗೆ ಏಳು ರಾತ್ರಿಯ ದೊಡ್ಡ ಹಡಗು, ಬಾಲ್ಕನಿ ಕ್ಯಾಬಿನ್, ಇಬ್ಬರು ಹಂಚಿಕೊಂಡರೆ ತಲೆಗೆ ಒಂದೂವರೆ ಲಕ್ಷದ ಆಸುಪಾಸು, ವಿಮಾನ ಬಿಟ್ಟು. ಅದರ ಮೇಲೆ ದಿನಕ್ಕೆ ಹದಿನಾರರಿಂದ ಇಪ್ಪತ್ತು ಡಾಲರ್ ಟಿಪ್ಸ್, ವೈಫೈ, ಊರೂರಿಗೊಂದು ಬಸ್ಸಿನ ಸುತ್ತಾಟ ಅಥವಾ ಫ್ಲೋಮ್‌ನ ರೈಲು. ಕೊನೆಗೆ ಎರಡೂಕಾಲಕ್ಕೆ ಕಡಿಮೆ ನಿಲ್ಲುವುದಿಲ್ಲ. ನಾಲ್ಕು ಬಂದರು, ಎಂಟೆಂಟು ಗಂಟೆ ಎಂದು ಬ್ರೋಷರಿನಲ್ಲಿ ಇರುತ್ತದೆ. ಟೆಂಡರ್ ಪೋರ್ಟ್ ಆದರೆ ಹಡಗು ನಡುನೀರಿನಲ್ಲಿ ಲಂಗರು ಹಾಕಿ, ಜನ ಚೀಟಿ ನಂಬರಿನ ಸರದಿಯಲ್ಲಿ ಸಣ್ಣ ದೋಣಿಗೆ ಇಳಿಯಬೇಕು. ಮೂರು ಸಾವಿರ ಜನ ಇಳಿಯುವಷ್ಟರಲ್ಲಿ ಒಂದೊಂದೂವರೆ ಗಂಟೆ ಹೋಯಿತು. ಹೊರಡುವ ಅರ್ಧ-ಮುಕ್ಕಾಲು ಗಂಟೆ ಮೊದಲೇ ವಾಪಸ್. ಕೈಗೆ ಸಿಗುವುದು ಒಟ್ಟು ಇಪ್ಪತ್ತೆರಡು-ಇಪ್ಪತ್ನಾಲ್ಕು ಗಂಟೆ. ಗಂಟೆಗೆ ಹತ್ತು ಸಾವಿರ ಅನ್ನಿ.

ನಾರ್ವೆಯಿಂದಲೂ ಉತ್ತರಕ್ಕಿರುವ ಹಿಮದ ದ್ವೀಪಗಳ ಗುಂಪು ಸ್ವಾಲ್ಬಾರ್ಡ್‌ಗೆ ನೂರು-ನೂರಿಪ್ಪತ್ತು ಜನರ ಹಡಗು, ಹತ್ತು ದಿನ, ಏಳೂವರೆ ಲಕ್ಷ. ಟಿಪ್ಸು, ಇನ್ಶೂರೆನ್ಸು ಸೇರಿ ಎಂಟು. ಮೊದಲ ದಿನ, ಕೊನೆಯ ದಿನ ಕಳೆಯಿರಿ. ಉಳಿದ ದಿನಗಳಲ್ಲಿ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಇಳಿಸುತ್ತಾರೆ, ಒಂದೊಂದು ಸಲಕ್ಕೆ ಎರಡೂವರೆ ಗಂಟೆ. ಮಂಜು, ಗಾಳಿ, ಕರಡಿ ಎಂದು ಐದರಲ್ಲಿ ಒಂದು ರದ್ದಾಗುತ್ತದೆ ಎಂದೇ ಹಿಡಿಯಿರಿ. ಮೂವತ್ತೆರಡು ಗಂಟೆ, ಗಂಟೆಗೆ ಇಪ್ಪತ್ತೈದು ಸಾವಿರ. ಬ್ರೋಷರ್ ಬೆಲೆಯಲ್ಲಿ ಐದು ಪಟ್ಟು ಕಂಡದ್ದು ಇಲ್ಲಿ ಎರಡೂವರೆ ಪಟ್ಟಿಗೆ ಇಳಿಯಿತು.

ಇನ್ನೊಂದು ಸಂಗತಿ ಇದೆ. ದೊಡ್ಡ ಹಡಗು ಸ್ವಾಲ್ಬಾರ್ಡ್‌ಗೂ ಹೋಗುತ್ತದೆ ಎಂದು ಮಾರುವವರು ಇದ್ದಾರೆ. ಹೋಗುತ್ತದೆ, ಲಾಂಗ್‌ಇಯರ್‌ಬೈನ್ ಪೇಟೆಗೆ. 2025ರ ಜನವರಿ 1ರಿಂದ ಅಲ್ಲಿನ ಸಂರಕ್ಷಿತ ಪ್ರದೇಶಗಳಲ್ಲಿ 200ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಜನರನ್ನು ಇಳಿಸುವಂತಿಲ್ಲ. ಇಳಿಸುವವರೂ ಗೊತ್ತುಮಾಡಿದ 43 ಜಾಗಗಳಲ್ಲೇ ಇಳಿಸಬೇಕು. ಹಾಗಾಗಿ ದೊಡ್ಡ ಹಡಗಿನವರಿಗೆ ಹಿಮದ ಗಂಟೆ ಸೊನ್ನೆ, ಸೊನ್ನೆಯಿಂದ ಭಾಗಿಸುವುದು ಹೇಗೆ? ನಾನೂರು-ಐನೂರು ಜನರ ನಡುಗಾತ್ರದ ಹಡಗಿಗೆ ಸಣ್ಣ ಹಡಗಿನಷ್ಟೇ ದುಡ್ಡು ಕೊಟ್ಟು, ಸಂರಕ್ಷಿತ ಪ್ರದೇಶದ ಹೊರಗೂ ದೊಡ್ಡ ಹಡಗಿನ ಹಾಗೆ ಸರದಿ ಕಾಯಬೇಕು. ಹಿಮಕ್ಕೆಂದು ಅದನ್ನು ನಾನು ಮಾರುವುದೇ ಇಲ್ಲ.

ಹಡಗಿನ ಹೆಸರು ನೋಡಿ ಮರುಳಾಗಬೇಡಿ. ಕಂಪನಿಗೆ ಮೂರು ಸಂಖ್ಯೆ ಕೇಳಿ: ಪ್ರಯಾಣಿಕರು ಎಷ್ಟು, ದಡಕ್ಕೆ ಒಯ್ಯುವ ರಬ್ಬರಿನ ಜೋಡಿಯಾಕ್ ದೋಣಿ ಎಷ್ಟು, ಕರಡಿಯ ಭಯಕ್ಕೆ ಬಂದೂಕು ಹಿಡಿದು ದಡಕ್ಕೆ ಬರುವ ಗೈಡ್ ಎಷ್ಟು. ಜೋಡಿಯಾಕ್‌ಗೆ ಹತ್ತು ಜನ, ಗೈಡಿಗೆ ಹದಿನೈದಿಪ್ಪತ್ತು. 110 ಜನಕ್ಕೆ ಹನ್ನೊಂದು ದೋಣಿ ಇದ್ದರೆ ಎಲ್ಲರೂ ಒಟ್ಟಿಗೆ. 180 ಜನಕ್ಕೂ ಅಷ್ಟೇ ದೋಣಿ ಎಂದರೆ ಎರಡು ಬ್ಯಾಚ್, ನಿಮ್ಮ ಎರಡೂವರೆ ಗಂಟೆ ಒಂದೂಕಾಲಕ್ಕೆ ಬಂತು. ಇದಕ್ಕೆ ನೇರ ಉತ್ತರ ಕೊಡದ ಕಂಪನಿಯನ್ನು ಅಲ್ಲಿಗೇ ಬಿಡುತ್ತೇನೆ.

ಕರಡಿ ನೋಡಲೆಂದೇ ಹೊರಟವರಿಗೆ ದೂರದ ನಿಯಮವನ್ನು ಮೊದಲೇ ಹೇಳಿಬಿಡಿ. ಮಾರ್ಚ್ 1ರಿಂದ ಜೂನ್ 30ರವರೆಗೆ 500 ಮೀಟರ್, ಉಳಿದ ತಿಂಗಳು 300. ಹಡಗು ಸಣ್ಣದಾದರೂ ಹತ್ತಿರ ಹೋಗುವಂತಿಲ್ಲ. ಬೈನಾಕ್ಯುಲರ್ ಬೇಕೇ ಬೇಕು. ಜೂನ್ ಮೊದಲ ಭಾಗದಲ್ಲಿ ಸಮುದ್ರದ ಮೇಲೆ ಹಿಮ ಜಾಸ್ತಿ, ದ್ವೀಪವನ್ನು ಪೂರ್ತಿ ಸುತ್ತುವುದು ಕಷ್ಟ. ಜುಲೈ ಕೊನೆಯಿಂದ ಆಗಸ್ಟಿನಲ್ಲಿ ಸುತ್ತುವ ಅವಕಾಶ ಹೆಚ್ಚು.

ನಾರ್ವೆಯ ಫಿಯೋರ್ಡುಗಳಲ್ಲಿ, ಅಂದರೆ ಬೆಟ್ಟಗಳ ನಡುವೆ ಒಳಗೆ ನುಗ್ಗಿದ ಸಮುದ್ರದ ಕವಲುಗಳಲ್ಲಿ, ಮಾತ್ರ ನನ್ನ ಲೆಕ್ಕ ದೊಡ್ಡದರ ಕಡೆಗೇ ವಾಲುತ್ತದೆ. ಅಲ್ಲಿ ನೋಡುವುದು ಡೆಕ್ಕಿನಿಂದ, ದಕ್ಕೆ ಇರುವ ಕಡೆ ಇಳಿಯುವುದು ಗಟ್ಟಿ ಮೆಟ್ಟಿಲಲ್ಲಿ, ಮೊಣಕಾಲು ನೋವಿನವರಿಗೆ ಲಿಫ್ಟ್ ಇದೆ. 2026ರಿಂದ ಇನ್ನೊಂದು ತಮಾಷೆ. ಗೈರಾಂಗರ್, ನೆರೋಯ್ ಮುಂತಾದ ವಿಶ್ವ ಪರಂಪರೆಯ ಫಿಯೋರ್ಡುಗಳಲ್ಲಿ 10,000 ಟನ್ನೇಜಿಗಿಂತ ಚಿಕ್ಕ ಪ್ರಯಾಣಿಕ ಹಡಗುಗಳು ಹೊಗೆಯಿಲ್ಲದೆ ಓಡಬೇಕು, ದೊಡ್ಡವಕ್ಕೆ 2032ರವರೆಗೆ ಬಿಡುವು. ಸಣ್ಣ ಡೀಸೆಲ್ ಹಡಗಿನ ಹಳೆಯ ಬ್ರೋಷರಿನಲ್ಲಿ ಗೈರಾಂಗರ್ ಕಂಡರೆ ಬರಹದಲ್ಲಿ ಖಾತ್ರಿ ಮಾಡಿಸಿಕೊಳ್ಳಿ.

ಚಳಿಗಾಲದ ಅರೋರಾಗೆ, ಅಂದರೆ ಉತ್ತರದ ರಾತ್ರಿ ಆಕಾಶದ ಬಣ್ಣದ ಬೆಳಕಿಗೆ, ಎರಡೂ ಬೇಡ. ನಾರ್ವೆಯ ಬೆರ್ಗೆನ್‌ನಿಂದ ಕಿರ್ಕೆನೆಸ್‌ಗೆ ಸರಕು, ಜನ ಎರಡನ್ನೂ ಸಾಗಿಸುವ ಕರಾವಳಿ ಹಡಗು ಸಾಕು. ಹುರ್ಟಿಗ್ರೂಟನ್ ಕಂಪನಿ ಈ ಕರಾವಳಿಯಲ್ಲಿ 1893ರಿಂದ ಓಡಿಸುತ್ತಿದೆ, ಹವಿಲಾ 2021ರಲ್ಲಿ ಸೇರಿಕೊಂಡಿತು. ಹೋಗಿ ಬರಲು ಹನ್ನೆರಡು ದಿನ, 34 ಬಂದರು. ನಮ್ಮವರಿಗೆ ಉತ್ತರಕ್ಕೆ ಹೋಗುವ ಅರ್ಧವೇ ಸಾಕು. ಕೆಲವು ಬಂದರಿನಲ್ಲಿ ಕಾಲು ಗಂಟೆಯೂ ನಿಲ್ಲುವುದಿಲ್ಲ, ಆದ್ದರಿಂದ ಗಂಟೆ ಲೆಕ್ಕ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಸಣ್ಣ ಹಡಗಿಗೆ ಯಾರನ್ನು ಕಳಿಸಬಹುದು ಎಂಬುದಕ್ಕೆ ಮುಂಬೈಯಲ್ಲೇ ಪರೀಕ್ಷೆ ಮಾಡಿಸುತ್ತೇನೆ. ಮುಂಬೈ–ಗೋವಾ ಕ್ರೂಸಿನಲ್ಲಿ ನೋಡಿದರಾಯಿತು ಎನ್ನುವವರಿದ್ದಾರೆ, ಅದು ವ್ಯರ್ಥ. ಡಿಸೆಂಬರಿನ ಅರಬ್ಬೀ ಸಮುದ್ರ ತಟ್ಟೆಯ ನೀರು. ಮೇ ತಿಂಗಳ ಗಾಳಿಯಲ್ಲಿ ಭಾವುಚಾ ಧಕ್ಕಾದಿಂದ ಲಾಂಚ್ ಹತ್ತಿಸಿ, ಇಲ್ಲವೇ ಗೇಟ್‌ವೇಯಲ್ಲಿ ಒಂದರ ಪಕ್ಕ ಒಂದು ನಿಂತ ಎಲಿಫೆಂಟಾ ಬೋಟುಗಳನ್ನು ದಾಟಿಸಿ. ಬ್ಯಾಗು ಬೆನ್ನಿಗೆ, ಎರಡೂ ಕೈ ಖಾಲಿ. ಒಬ್ಬರ ಆಸರೆಯಲ್ಲಿ ದಾಟಿದರೆ ಜೋಡಿಯಾಕ್ ಆದೀತು. ಇಬ್ಬರು ಹಿಡಿಯಬೇಕಾದರೆ ಅವರಿಗೆ ದೊಡ್ಡ ಹಡಗು. ಹಿಡಿಯುವ ಕ್ರಮವನ್ನೂ ಅಲ್ಲೇ ಕಲಿಸಿ: ಅಂಗೈ ಹಿಡಿದರೆ ಒದ್ದೆ ಗ್ಲೌಸ್ ಜಾರುತ್ತದೆ, ಪರಸ್ಪರ ಮಣಿಕಟ್ಟನ್ನೇ ಹಿಡಿಯಬೇಕು. ಈ ಪರೀಕ್ಷೆ ಪಾಸಾದವರಲ್ಲಿ ದಡಕ್ಕಿಳಿಯಲು ಆಗದೆ ಕ್ಯಾಬಿನ್ನಿನಲ್ಲೇ ಕೂತವರು ಇನ್ನೂ ಇಲ್ಲ.

ವಾಂತಿಯ ವಿಷಯ. ಹಿಮಕ್ಕೆ ತಕ್ಕಂತೆ ಕಟ್ಟಿದ ಸಣ್ಣ ಹಡಗು ಬಯಲು ಸಮುದ್ರದಲ್ಲಿ ಹೊರಳುವುದು ಜಾಸ್ತಿ. ಕ್ಯಾಬಿನ್ ನಡುಭಾಗದಲ್ಲಿ, ಕೆಳಗಿನ ಡೆಕ್ಕಿನಲ್ಲಿ ಇರಲಿ, ಅಗ್ಗವೂ ಹೌದು. ಅವೋಮಿನ್ ಥರದ ಮಾತ್ರೆ ಹಿಂದಿನ ರಾತ್ರಿಯೇ ನುಂಗಬೇಕು, ಶುರುವಾದ ಮೇಲೆ ಉಪಯೋಗ ಕಡಿಮೆ. ಬಿಪಿ, ಪ್ರಾಸ್ಟೇಟ್, ಗ್ಲಾಕೋಮಾ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು.

ದುಡ್ಡು ಮುಳುಗುವುದು ಹೆಚ್ಚಾಗಿ ವೀಸಾದಲ್ಲಿ. ಸ್ವಾಲ್ಬಾರ್ಡ್ ನಾರ್ವೆಯದೇ, ಆದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ನಡೆಯುವ ಶೆಂಗೆನ್ ಒಳಗಿಲ್ಲ. ಓಸ್ಲೋದಿಂದ ಅಲ್ಲಿಗೆ ಹೋದರೆ ಶೆಂಗೆನ್ ಬಿಟ್ಟ ಹಾಗೆ, ಮರಳುವಾಗ ಎರಡನೇ ಪ್ರವೇಶ. ಸಿಂಗಲ್ ಎಂಟ್ರಿ ವೀಸಾ ಬಂದರೆ ಅಲ್ಲಿಗೇ ಮುಗಿಯಿತು. ಅರ್ಜಿಯ ಜೊತೆಗಿನ ಪತ್ರದಲ್ಲಿ ದಿನಾಂಕ ಸಮೇತ ಎರಡು ಪ್ರವೇಶ ಬರೆಯಿರಿ. ಗ್ರೀನ್‌ಲ್ಯಾಂಡ್ ಸೇರಿದ್ದರೆ ಅದಕ್ಕೂ ಮಾನ್ಯ ಎಂಬ ನಮೂದು ವೀಸಾದ ಮೇಲೆ ಬೇಕು. ಅಲಾಸ್ಕಾದಲ್ಲೂ ಹೀಗೊಂದು ಗಂಟು. ಸಿಯಾಟಲ್‌ನಿಂದ ಹೊರಟು ಅಲ್ಲಿಗೇ ಮರಳುವ ವಿದೇಶಿ ಧ್ವಜದ ದೊಡ್ಡ ಹಡಗು 1886ರ ಅಮೆರಿಕನ್ ಕಾನೂನಿನಿಂದಾಗಿ ಕೆನಡಾ ಮುಟ್ಟಿಯೇ ಬರಬೇಕು, ಎರಡು ವೀಸಾದ ಖರ್ಚು. ಅಲಾಸ್ಕಾದೊಳಗೇ ಜೂನೋದಿಂದ ಸಿಟ್ಕಾಗೆ ಹೋಗುವ ಅಮೆರಿಕನ್ ಧ್ವಜದ ಸಣ್ಣ ಹಡಗಿಗೆ ಒಂದೇ ಸಾಕು.

ಬಾಕಿ ಹಣದ ತಾರೀಖು ನೋಡಿಕೊಳ್ಳಿ. ಸಣ್ಣ ಹಡಗಿನವರು ಸಾಮಾನ್ಯವಾಗಿ ಹೊರಡುವ 90ರಿಂದ 120 ದಿನ ಮೊದಲೇ ಪೂರ್ತಿ ಕೇಳುತ್ತಾರೆ. ಶೆಂಗೆನ್ ಅರ್ಜಿಯನ್ನು ಆರು ತಿಂಗಳು ಮೊದಲೇ ಹಾಕಬಹುದು, ಹಾಗಾಗಿ ಹೊರಡಲು ಐದು ತಿಂಗಳು ಇರುವಾಗಲೇ ಹಾಕಿ. ಏಪ್ರಿಲ್–ಮೇಯಲ್ಲಿ ಮುಂಬೈಯ ಸ್ಲಾಟುಗಳಿಗೆ ನೂಕುನುಗ್ಗಲು. ನಿರಾಕರಣೆ ಬಂದರೂ ಮುಂಗಡದಷ್ಟೇ ಹೋಗುತ್ತದೆ, ಎಂಟು ಲಕ್ಷವಲ್ಲ. ಪ್ಯಾಕೇಜಿನ ಮೇಲೆ ಮೊದಲೇ ಹಿಡಿಯುವ ತೆರಿಗೆ, ಟಿಸಿಎಸ್, ರಿಟರ್ನ್ಸ್ ಹಾಕಿದಾಗ ಸರಿಹೋಗುತ್ತದೆ, ಅಲ್ಲಿವರೆಗೆ ದುಡ್ಡು ಸಿಕ್ಕಿಬಿದ್ದಿರುತ್ತದೆ. ದರ ಬಜೆಟ್ಟಿಗೆ ಬಜೆಟ್ಟು ಬದಲಾಗುವ ಕಾರಣ ಕೊಟೇಶನ್ನಿನಲ್ಲಿ ಅದನ್ನು ಬೇರೆ ಸಾಲಿನಲ್ಲಿ ತೋರಿಸಿ. ಸಿಂಗಲ್‌ನವರಿಗೆ ಒಂದೂವರೆಯಿಂದ ಎರಡು ಪಟ್ಟು ಬೀಳುತ್ತದೆ. ಮೂವರ ಕ್ಯಾಬಿನ್ನಿಗೆ ಅಪರಿಚಿತರನ್ನು ಜೋಡಿಸಿ ನಾನು ಅದನ್ನು ಹೇಗೆ ತಗ್ಗಿಸುತ್ತೇನೆ, ಯಾವ ವಾರ ಕಂಪನಿಗೆ ಮೇಲ್ ಬರೆಯುತ್ತೇನೆ ಎಂಬುದು ಮಾತ್ರ ಇಲ್ಲಿ ಬೇಡ, ಹೊಟ್ಟೆಪಾಡು.

ಊಟಕ್ಕೆ ಅಷ್ಟು ಹೆದರಬೇಕಿಲ್ಲ. ಸಣ್ಣ ಹಡಗು ಸಾಮಾನು ತುಂಬಿಕೊಳ್ಳುವುದು ಹೊರಡುವ ಬಂದರಿನಲ್ಲಿ ಮಾತ್ರ, ಸಸ್ಯಾಹಾರಿಗಳ ಸಂಖ್ಯೆಯನ್ನು ಎರಡು ತಿಂಗಳು ಮೊದಲೇ ಬರೆದು ತಿಳಿಸಿ. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ ಒಯ್ಯಬಹುದು. ಮನೆಯ ತುಪ್ಪ, ಪೇಡಾ ಬೇಡ. ಯುರೋಪಿನ ಹೊರಗಿನ ಹಾಲಿನ ಪದಾರ್ಥ, ಮಾಂಸ ನಾರ್ವೆಗೆ ತರುವಂತಿಲ್ಲ. ಕರೆಂಟಿನ ಕೆಟಲ್ ದೊಡ್ಡ ಹಡಗಿನಲ್ಲಿ ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ. ಸಣ್ಣದರಲ್ಲಿ ಲೌಂಜಿನಲ್ಲಿ ಬಿಸಿನೀರು ಹಗಲುರಾತ್ರಿ ಇರುತ್ತದೆಯೇ ಎಂದು ಬುಕಿಂಗ್ ಮಾಡುವಾಗಲೇ ಕೇಳಿ, ಇದ್ದರೆ ಉಪ್ಪಿಟ್ಟಿನ ಪ್ಯಾಕೆಟ್ ಜಾಸ್ತಿ ಕಟ್ಟಿಸಿ. ಮೊಣಕಾಲಿನವರೆಗಿನ ಬೂಟು ಬಹುತೇಕ ಕಡೆ ಹಡಗಿನವರೇ ಕೊಡುತ್ತಾರೆ, ನೀರು ಒಳಹೋಗದ ಪ್ಯಾಂಟು ಮಾತ್ರ ನಮ್ಮದೇ. ಡೆಕಾಥ್ಲಾನ್‌ನಲ್ಲಿ ಕೊಳ್ಳುವಾಗ ಒಂದು ಸೈಜ್ ದೊಡ್ಡದು ತೆಗೆದುಕೊಳ್ಳಿ, ಒಳಗೆ ಉಣ್ಣೆಯದು ಹಿಡಿಸಬೇಕು. ಓಸ್ಲೋಗೆ ಒಂದು ರಾತ್ರಿ ಮೊದಲೇ ಸೇರುವ ಟಿಕೆಟನ್ನೇ ಮಾಡಿಸಿ, ಲಗೇಜ್ ತಡವಾದರೆ ಹಡಗು ಕಾಯುವುದಿಲ್ಲ.