ಮೊದಲು ಪಟ್ಟಿ, ಆಮೇಲೆ ಕೂಪನ್

ಬಿಲ್ಲಿನ ಕೊನೆಯಲ್ಲಿ ‘ಈ ಖರೀದಿಯಲ್ಲಿ ನೀವು ಉಳಿಸಿದ್ದು ಇಷ್ಟು’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿರುತ್ತದಲ್ಲ, ಆ ಸಾಲನ್ನು ನಾನು ಓದುವುದೇ ಇಲ್ಲ. ಅದು ಅಂಗಡಿಯವರ ಲೆಕ್ಕ. ಪೊಟ್ಟಣದ ಮೇಲಿನ ಬೆಲೆಗೂ ನಾನು ಕೊಟ್ಟ ಬೆಲೆಗೂ ಇರುವ ವ್ಯತ್ಯಾಸವಷ್ಟೇ ಅಲ್ಲಿರುತ್ತದೆ. ಪೊಟ್ಟಣದ ಮೇಲಿನ ಬೆಲೆಗೆ ಆ ವಸ್ತುವನ್ನು ಯಾರಾದರೂ ಎಂದಾದರೂ ಕೊಂಡಿದ್ದರೇ ಎಂಬುದು ಗೊತ್ತಾಗುವುದಿಲ್ಲ. ನನ್ನ ಲೆಕ್ಕ ಬೇರೆ. ಸೋಪು, ಪೇಸ್ಟು, ಬಟ್ಟೆ ಒಗೆಯುವ ಪುಡಿ, ಕಸದ ಚೀಲ, ದಿನಸಿ ಎಲ್ಲ ಸೇರಿ ಈ ತಿಂಗಳು ಮನೆಯಿಂದ ಹೊರಗೆ ಹೋದ ದುಡ್ಡೆಷ್ಟು, ಹಿಂದಿನ ಕೆಲವು ತಿಂಗಳಲ್ಲಿ ಹೋಗಿದ್ದೆಷ್ಟು? ಆ ಮೊತ್ತ ಇಳಿದಿದ್ದರೆ ಉಳಿಸಿದ್ದೇನೆ. ಇಳಿಯದೆ ಕಪಾಟು ಮಾತ್ರ ತುಂಬಿದ್ದರೆ ಬರೀ ಖರೀದಿ ಮಾಡಿದ್ದೇನೆ.

ಕೂಪನ್ ಹಿಡಿದು ಮನೆಖರ್ಚು ತಗ್ಗಿಸುವ ಅಭ್ಯಾಸ ನನಗೆ ಹಲವು ವರ್ಷಗಳದ್ದು. ಈಗಲೂ ಮುರಿಯದೆ ನಡೆಸಿಕೊಂಡು ಬಂದಿರುವ ನಿಯಮ ಒಂದೇ: ಮೊದಲು ಬೇಕಾದ ಸಾಮಾನಿನ ಪಟ್ಟಿ ಬರೆಯಬೇಕು, ಆಮೇಲೆ ಆ ಪಟ್ಟಿಗೆ ಕೂಪನ್ ಹುಡುಕಬೇಕು. ಕೂಪನ್ ಸಿಕ್ಕಿತೆಂದು ಪಟ್ಟಿಗೆ ಹೊಸ ಸಾಲು ಸೇರಿಸುವಂತಿಲ್ಲ. ಕೇಳುವುದಕ್ಕೆ ಸುಲಭ. ಪಾಲಿಸುವುದು ಮಾತ್ರ ಕಷ್ಟ, ಏಕೆಂದರೆ ಕೂಪನ್ ಇರುವುದೇ ನಮ್ಮ ಪಟ್ಟಿಗೆ ಸಾಲು ಸೇರಿಸಲಿಕ್ಕೆ.

ಕಂಪನಿಗಳು ಕೂಪನ್ ಯಾಕೆ ಕೊಡುತ್ತವೆ ಎಂದು ಯೋಚಿಸಿದರೆ ಅರ್ಧ ಆಟ ತಿಳಿಯುತ್ತದೆ. ಬೆಲೆಯನ್ನೇ ಇಳಿಸಿದರೆ ಎಲ್ಲರಿಗೂ ಇಳಿಸಬೇಕು. ಕೂಪನ್ ಆದರೆ ಹುಡುಕಿ, ಕತ್ತರಿಸಿ, ಷರತ್ತು ಓದಿ, ಕೊನೆಯ ದಿನಾಂಕದೊಳಗೆ ಬಳಸುವ ತಾಳ್ಮೆ ಇದ್ದವರಿಗೆ ಮಾತ್ರ ಇಳಿಸಿದಂತಾಗುತ್ತದೆ. ಉಳಿದವರು ಪೂರ್ತಿ ಬೆಲೆ ಕೊಟ್ಟುಕೊಂಡು ಹೋಗುತ್ತಾರೆ. ಅಂದರೆ ಕೂಪನ್ನಿನ ರಿಯಾಯಿತಿ ನಮ್ಮ ತಾಪತ್ರಯಕ್ಕೆ ಸಿಗುವ ಕೂಲಿ. ಕೂಲಿ ಎಂದ ಮೇಲೆ ಎಷ್ಟು ಹೊತ್ತಿಗೆ ಎಷ್ಟು ಎಂದು ಕೇಳುವುದರಲ್ಲಿ ತಪ್ಪಿಲ್ಲ. ಅರ್ಧ ಗಂಟೆ ಹುಡುಕಿದರೂ ಚಿಲ್ಲರೆ ಕಾಸು ಮಾತ್ರ ಉಳಿಯುವ ಕಡೆ ನಾನು ಕೂರುವುದಿಲ್ಲ.

ಈ ರಿಯಾಯಿತಿಯ ರುಚಿ ಜನರನ್ನು ಎಷ್ಟು ಹಿಡಿದಿದೆ ಎಂಬುದಕ್ಕೆ ಅಮೆರಿಕದ ಜೆ.ಸಿ. ಪೆನ್ನಿ ಎಂಬ ದೊಡ್ಡ ಮಳಿಗೆ ಸರಣಿಯ ಕಥೆ ಸಾಕು. 2012ರಲ್ಲಿ ಅದರ ಮುಖ್ಯಸ್ಥರಾಗಿದ್ದ ರಾನ್ ಜಾನ್ಸನ್ ಕೂಪನ್ನು, ದಿನಕ್ಕೊಂದು ಸೇಲ್ ಎಲ್ಲ ನಿಲ್ಲಿಸಿ, ಮೊದಲಿಂದಲೇ ಕಡಿಮೆ ಬೆಲೆಯ ಚೀಟಿ ಹಚ್ಚಿಸಿದರು. ಸರಳ, ಪ್ರಾಮಾಣಿಕ ಏರ್ಪಾಡು. ಆ ವರ್ಷ ಕಂಪನಿಯ ಮಾರಾಟ ಸುಮಾರು ಶೇ. 25ರಷ್ಟು ಕುಸಿಯಿತು, 2013ರ ಏಪ್ರಿಲ್‌ನಲ್ಲಿ ಅವರು ಹುದ್ದೆಯಿಂದ ಇಳಿಯಬೇಕಾಯಿತು, ಕೂಪನ್ನುಗಳು ವಾಪಸ್ ಬಂದವು. ಕುಸಿತಕ್ಕೆ ಬೇರೆ ಕಾರಣಗಳೂ ಇದ್ದವು ಅನ್ನಿ. ಆದರೂ ಗಿರಾಕಿಗಳು ಅಲ್ಲಿ ಹುಡುಕಿದ್ದು ಕಡಿಮೆ ಬೆಲೆಯನ್ನಲ್ಲ, ಬೆಲೆ ಕಡಿಮೆ ಮಾಡಿಸಿಕೊಂಡ ಖುಷಿಯನ್ನು ಎಂದು ನನಗನ್ನಿಸುತ್ತದೆ. ನನ್ನಲ್ಲೂ ಆ ಖುಷಿಯ ಆಸೆ ಇದೆ, ಅದಕ್ಕೇ ಅದನ್ನು ನಂಬುವುದಿಲ್ಲ.

ನಂಬುವುದು ಒಂದು ಸಣ್ಣ ಪುಸ್ತಕವನ್ನು. ಅದರಲ್ಲಿ ಮನೆಗೆ ಪದೇ ಪದೇ ಬೇಕಾಗುವ ಮೂವತ್ತು ನಲವತ್ತು ವಸ್ತುಗಳ ದರ ಬರೆದಿಟ್ಟಿದ್ದೇನೆ. ಪೊಟ್ಟಣದ ದರವಲ್ಲ, ನೂರು ಗ್ರಾಮಿಗೆ, ನೂರು ಮಿಲಿಲೀಟರಿಗೆ, ಇಲ್ಲವೇ ಒಂದು ಬಿಲ್ಲೆಗೆ ಎಷ್ಟು ಬೀಳುತ್ತದೆ ಎಂಬ ದರ. ಯಾವ ಅಂಗಡಿ, ಯಾವ ತಿಂಗಳು ಎಂಬುದನ್ನೂ ಪಕ್ಕದಲ್ಲೇ ಗುರುತು ಹಾಕುತ್ತೇನೆ. ಫೋನಿನಲ್ಲೂ ಬರೆದಿಡಬಹುದು, ನನಗೆ ಪುಸ್ತಕವೇ ಕೈಗೆ ಒಗ್ಗಿದೆ. ಕೆಲವು ತಿಂಗಳು ಹೀಗೆ ಬರೆದರೆ ಪ್ರತಿ ವಸ್ತುವಿನ ನಿಜವಾದ ಕನಿಷ್ಠ ಬೆಲೆ ಎಲ್ಲಿದೆ ಎಂಬುದು ತಾನಾಗಿ ಕಾಣುತ್ತದೆ. ಆಮೇಲೆ ‘ಭಾರಿ ರಿಯಾಯಿತಿ’ ಎಂಬ ಬೋರ್ಡು ಕಂಡರೆ ಪುಸ್ತಕ ತೆಗೆದು ನೋಡಿದರಾಯಿತು. ರಿಯಾಯಿತಿ ಕಳೆದ ಮೇಲೂ ಪಕ್ಕದ ಅಂಗಡಿಯ ಮಾಮೂಲಿ ದರಕ್ಕಿಂತ ಹೆಚ್ಚಿರುವುದು ಅಪರೂಪವೇನಲ್ಲ. ಪೊಟ್ಟಣದ ಬೆಲೆ ಹಾಗೇ ಇದ್ದು ಒಳಗಿನ ತೂಕ ಸದ್ದಿಲ್ಲದೆ ಇಳಿದಿರುವುದೂ ಈ ಪುಸ್ತಕದಲ್ಲೇ ಸಿಕ್ಕಿಬೀಳುತ್ತದೆ. ದೊಡ್ಡ ಪೊಟ್ಟಣ ಅಗ್ಗ ಎಂಬ ನಂಬಿಕೆಗೂ ಇದೇ ಮದ್ದು: ಕೂಪನ್ ‘ಯಾವುದೇ ಅಳತೆಗೆ ಇಷ್ಟು ಕಡಿತ’ ಎಂದಿದ್ದರೆ ಬಹಳ ಸಲ ಚಿಕ್ಕ ಪೊಟ್ಟಣವೇ ಅಗ್ಗ, ಏಕೆಂದರೆ ಅದೇ ಕಡಿತ ಚಿಕ್ಕ ಬೆಲೆಯಲ್ಲಿ ದೊಡ್ಡ ಪಾಲಾಗುತ್ತದೆ.

ಇನ್ನು ಆಫರುಗಳ ಭಾಷೆ. ಎಲ್ಲವನ್ನೂ ಶೇಕಡಾವಾರು ಕಡಿತಕ್ಕೆ ಇಳಿಸಿ ನೋಡುವುದು ನನ್ನ ಪದ್ಧತಿ. ಎರಡು ಕೊಂಡರೆ ಒಂದು ಉಚಿತ ಎಂದರೆ ಶೇ. 33. ಮೂರಕ್ಕೆ ಒಂದು ಉಚಿತ ಎಂದರೆ ಶೇ. 25, ಎರಡನೆಯದಕ್ಕೆ ಅರ್ಧ ಬೆಲೆ ಎಂದರೂ ಅದೇ 25. ‘ಅದೇ ಬೆಲೆಗೆ ಶೇ. 50 ಹೆಚ್ಚು’ ಎಂಬುದನ್ನು ಅರ್ಧ ಬೆಲೆ ಎಂದುಕೊಳ್ಳುವವರಿದ್ದಾರೆ, ಅದೂ ಶೇ. 33 ಮಾತ್ರ. ‘ಶೇ. 50, ಅದರ ಮೇಲೆ ಶೇ. 20’ ಎಂದರೆ ಎಪ್ಪತ್ತಲ್ಲ, ಅರವತ್ತು: ನೂರು ಐವತ್ತಾಗಿ, ಐವತ್ತರಲ್ಲಿ ಹತ್ತು ಕಳೆದು ನಲವತ್ತಾಗುತ್ತದೆ.

ಕ್ಯಾಶ್‌ಬ್ಯಾಕ್ ಇದಕ್ಕಿಂತ ಜಾಣತನದ್ದು. ಸಾವಿರದ ಖರೀದಿಗೆ ಇನ್ನೂರು ಕ್ಯಾಶ್‌ಬ್ಯಾಕ್, ಆದರೆ ಅದನ್ನು ಮುಂದಿನ ಖರೀದಿಯಲ್ಲೇ ಬಳಸಬೇಕು ಎಂದಿಟ್ಟುಕೊಳ್ಳಿ. ಸಾವಿರ ಕೊಟ್ಟು ಸಾವಿರದ ಇನ್ನೂರರ ಸಾಮಾನು ತಂದಂತಾಯಿತು, ಕಡಿತ ಶೇ. 20 ಅಲ್ಲ, 17ಕ್ಕೂ ಸ್ವಲ್ಪ ಕಡಿಮೆ. ‘ಪೂರ್ತಿ ಹಣ ವಾಪಸ್’ ಎಂದು ಕುಣಿಯುವ ಆಫರ್ ಕೂಡ ಈ ಲೆಕ್ಕದಲ್ಲಿ ಹೆಚ್ಚೆಂದರೆ ಅರ್ಧ ಬೆಲೆ. ಅದೂ ವಾಪಸ್ ಬಂದ ಹಣವನ್ನು ಗಡುವಿನೊಳಗೆ, ಬೇಕಾದ ವಸ್ತುವಿಗೇ ಬಳಸಿದರೆ. ‘ಪ್ರತಿ ಆರ್ಡರಿನಲ್ಲಿ ಹತ್ತನೇ ಒಂದು ಭಾಗ ಮಾತ್ರ ಬಳಸಬಹುದು’ ಎಂದು ಸಣ್ಣ ಅಕ್ಷರದಲ್ಲಿದ್ದರೆ ನಾನು ಆ ಕ್ಯಾಶ್‌ಬ್ಯಾಕನ್ನು ಸೊನ್ನೆ ಎಂದೇ ಎಣಿಸುತ್ತೇನೆ. ಆಮೇಲೆ ಬಂದಷ್ಟು ಲಾಭ.

ಮಿತಿ ಇರುವ ಕೂಪನ್‌ನಲ್ಲಿ ಬಿಲ್ಲು ಒಡೆಯುವುದು ನನ್ನ ಇಷ್ಟದ ಕೆಲಸ. ‘ಶೇ. 30 ಕಡಿತ, ಗರಿಷ್ಠ 150’ ಎಂದಿದ್ದರೆ ಅದರ ಪೂರ್ತಿ ಫಲ ಸಿಗುವುದು ಸರಿಯಾಗಿ ಐನೂರರ ಬಿಲ್ಲಿಗೆ. ಸಾವಿರದ ಬಿಲ್ಲಿಗೆ ಅದು ಶೇ. 15ಕ್ಕೆ ಇಳಿಯುತ್ತದೆ, ಒಂದೂವರೆ ಸಾವಿರಕ್ಕೆ ಶೇ. 10ಕ್ಕೆ. ಕೂಪನ್ನನ್ನು ಒಂದಕ್ಕಿಂತ ಹೆಚ್ಚು ಸಲ ಬಳಸಲು ಬಿಡುವುದಾದರೆ, ಸಾಗಣೆ ಶುಲ್ಕ ಎರಡು ಸಲ ಬೀಳದಿದ್ದರೆ, ಸಾವಿರವನ್ನು ಐನೂರು ಐನೂರಾಗಿ ಒಡೆಯುತ್ತೇನೆ. ಒಂದೇ ಸಲ ಎಂದಿದ್ದರೆ ಒಂದೇ ಸಲ. ಬೇರೆ ಬೇರೆ ಹೆಸರಿನಲ್ಲಿ ಖಾತೆ ತೆರೆದು ‘ಹೊಸ ಗಿರಾಕಿ’ ಆಗುತ್ತಲೇ ಇರುವುದು, ಕೂಪನ್ನಿನ ಜೆರಾಕ್ಸ್ ಮಾಡಿಸುವುದು ಇವೆಲ್ಲ ಮೋಸ; ಖಾತೆ ಬಂದ್ ಆದರೆ ಅದರಲ್ಲಿದ್ದ ಪಾಯಿಂಟುಗಳೂ ಹೋಗುತ್ತವೆ.

ಕೂಪನ್ ಮೇಲೆ ಕೂಪನ್ ಕೂಡಿಸುವಲ್ಲಿ ನಿಜವಾದ ದುಡ್ಡಿದೆ. ತಯಾರಕರ ಕೂಪನ್, ಅಂಗಡಿಯ ಕೂಪನ್, ಬ್ಯಾಂಕ್ ಕಾರ್ಡಿನ ಆಫರ್, ಪಾಯಿಂಟು: ಇವು ನಾಲ್ಕೂ ಬೇರೆ ಬೇರೆ ಜೇಬುಗಳಿಂದ ಬರುವುದರಿಂದ ಬಹಳ ಕಡೆ ಒಟ್ಟಿಗೆ ಬಳಸಲು ಬಿಡುತ್ತಾರೆ. ಒಂದೇ ಜೇಬಿನ ಎರಡು ಕೂಪನ್ ಸಾಮಾನ್ಯವಾಗಿ ನಡೆಯುವುದಿಲ್ಲ. ಬಳಸುವ ಅನುಕ್ರಮವನ್ನೂ ನೋಡಬೇಕು. ಸಾವಿರದ ಬಿಲ್ಲಿಗೆ ಶೇ. 10ರದ್ದೊಂದು, ನೂರರದ್ದೊಂದು ಕೂಪನ್ ಇದೆ ಎನ್ನಿ. ಶೇಕಡಾವಾರಿನದು ಮೊದಲಾದರೆ ಕೊಡಬೇಕಾದದ್ದು 800. ನೂರರದ್ದು ಮೊದಲಾದರೆ 810. ಆಯ್ಕೆ ನಮ್ಮ ಕೈಯಲ್ಲಿದ್ದರೆ ಶೇಕಡಾವಾರಿನದನ್ನೇ ಮೊದಲು ಕೊಡಬೇಕು. ಕಾರ್ಡಿನ ಆಫರಿಗೆ ಒಂದು ಮಾತು: ಬಾಕಿಯನ್ನು ಗಡುವಿನೊಳಗೆ ಪೂರ್ತಿ ಕಟ್ಟುವವರಿಗೆ ಮಾತ್ರ ಅದು ಲಾಭ. ಬಾಕಿ ಉಳಿಸಿಕೊಂಡರೆ ಬಡ್ಡಿಯೇ ಎಲ್ಲವನ್ನೂ ನುಂಗುತ್ತದೆ.

ಕನಿಷ್ಠ ಮೊತ್ತದ ಷರತ್ತು ನಮ್ಮ ಪಟ್ಟಿಯ ದೊಡ್ಡ ಶತ್ರು. ಬಿಲ್ಲು 800 ಆಗಿದೆ, ಸಾವಿರ ಮುಟ್ಟಿಸಿದರೆ 150 ಕಡಿತ. ಕಡಿತ ಕಳೆದು 850 ಕೊಡಬೇಕು, ಅಂದರೆ ಇನ್ನೂ 50 ಹೆಚ್ಚು ಕೊಟ್ಟು 200ರ ಸಾಮಾನು. ಮುಂದಿನ ತಿಂಗಳ ಪಟ್ಟಿಯಲ್ಲಿ ಹೇಗೂ ಇರುವ ಸೋಪಿನ ಪುಡಿಯನ್ನು ಈಗಲೇ ತಂದರೆ ಇದು ಒಳ್ಳೆಯ ವ್ಯಾಪಾರ. ಅದಕ್ಕೆಂದೇ ಕೆಡದ, ಖಂಡಿತ ಖರ್ಚಾಗುವ ನಾಲ್ಕೈದು ವಸ್ತುಗಳ ಹೆಸರು ನನ್ನ ಪುಸ್ತಕದ ಕೊನೆಯ ಹಾಳೆಯಲ್ಲಿ ಇವೆ. ಮೊತ್ತ ತುಂಬಿಸಬೇಕಾದರೆ ಅವುಗಳಿಂದ ಮಾತ್ರ. ಇನ್ನೊಂದು: ಹೀಗೆ ಕೊಂಡದ್ದರಲ್ಲಿ ಒಂದನ್ನು ಹಿಂತಿರುಗಿಸಿದರೆ ಬಿಲ್ಲು ಕನಿಷ್ಠ ಮೊತ್ತಕ್ಕಿಂತ ಕೆಳಗಿಳಿದು ಪೂರ್ತಿ ರಿಯಾಯಿತಿಯೇ ಹೋಗಬಹುದು. ಅಳತೆ, ಬಣ್ಣ ಹೊಂದುತ್ತದೋ ಇಲ್ಲವೋ ಎಂಬ ಅನುಮಾನವಿರುವ ವಸ್ತುವನ್ನು ಅದಕ್ಕೇ ಬೇರೆ ಬಿಲ್ಲಿನಲ್ಲಿ ಕೊಳ್ಳುತ್ತೇನೆ.

ಆನ್‌ಲೈನಿನಲ್ಲಿ ಬುಟ್ಟಿಗೆ ಹಾಕಿ ಹಣ ಕಟ್ಟದೆ ಒಂದೆರಡು ದಿನ ಸುಮ್ಮನಿದ್ದರೆ ಕೆಲವು ಅಂಗಡಿಗಳು ತಾವಾಗಿ ಕೂಪನ್ ಕಳಿಸುತ್ತವೆ. ಇದರಲ್ಲಿ ಕಡಿತಕ್ಕಿಂತ ಆ ಎರಡು ದಿನವೇ ಹೆಚ್ಚು ಲಾಭ. ಅಷ್ಟರಲ್ಲಿ ಅರ್ಧ ಸಾಮಾನು ಬೇಡ ಎನ್ನಿಸಿರುತ್ತದೆ.

ಈಗ ಪುಗಸಟ್ಟೆ ಮಾಲಿನ ವಿಷಯ. ಪುಗಸಟ್ಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಗಾದೆಯನ್ನು ಯಾವ ಸಂಶೋಧಕರೂ ಓದಿರಲಿಕ್ಕಿಲ್ಲ, ಆದರೆ ಅದನ್ನೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಡ್ಯಾನ್ ಏರಿಯಲಿ ಮತ್ತು ಸಂಗಡಿಗರ 2007ರ ಅಧ್ಯಯನದಲ್ಲಿ ಒಂದು ಉತ್ತಮ ಚಾಕೊಲೇಟ್ 15 ಸೆಂಟಿಗೆ, ಸಾಧಾರಣದ್ದೊಂದು 1 ಸೆಂಟಿಗೆ ಇದ್ದಾಗ ಆರಿಸಿದವರಲ್ಲಿ ಹೆಚ್ಚಿನವರು ಒಳ್ಳೆಯದನ್ನೇ ತೆಗೆದುಕೊಂಡರು. ಎರಡರ ಬೆಲೆಯನ್ನೂ ಒಂದೊಂದು ಸೆಂಟು ಇಳಿಸಿ, ಸಾಧಾರಣದ್ದನ್ನು ಉಚಿತ ಮಾಡಿದೊಡನೆ ಬಹುತೇಕರು ಅತ್ತ ಹೊರಳಿದರು. ಬೆಲೆಯ ಅಂತರ ಮೊದಲಿನಷ್ಟೇ ಇತ್ತು. ದೊಡ್ಡ ಮಟ್ಟದಲ್ಲಿ ಇದೇ ನಡೆದದ್ದು 1992ರಲ್ಲಿ, ಕಸ ಗುಡಿಸುವ ಯಂತ್ರ ತಯಾರಿಸುವ ಹೂವರ್ ಕಂಪನಿಯ ಬ್ರಿಟಿಷ್ ವಿಭಾಗದಲ್ಲಿ. ನೂರು ಪೌಂಡಿನ ಸರಕು ಕೊಂಡರೆ ಎರಡು ವಿಮಾನ ಟಿಕೆಟ್ ಉಚಿತ ಎಂದರು. ಕಸ ಗುಡಿಸುವ ಯಂತ್ರ ಬೇಡದವರೂ ಟಿಕೆಟ್ಟಿಗಾಗಿ ಯಂತ್ರ ಹೊತ್ತೊಯ್ದರು. ಕಂಪನಿಗೆ ಆದ ನಷ್ಟ 5 ಕೋಟಿ ಪೌಂಡಿನ ಆಸುಪಾಸು. ಅಲ್ಲಿ ಮುಳುಗಿದ್ದು ಕಂಪನಿ. ಸಾಮಾನ್ಯವಾಗಿ ಮುಳುಗುವುದು ಗಿರಾಕಿ.

ಹಾಗೆಂದು ನಾನು ಉಚಿತವನ್ನು ಬೇಡ ಎನ್ನುವುದಿಲ್ಲ. ಶಾಂಪೂ, ಮುಖದ ಕ್ರೀಮು, ಮಗುವಿನ ಡಯಾಪರ್ ಇಂಥವುಗಳ ಸ್ಯಾಂಪಲ್ ಸಿಕ್ಕರೆ ಕೇಳಿ ಪಡೆಯುತ್ತೇನೆ. ಇದರ ಲಾಭ ಆ ಚಿಕ್ಕ ಪ್ಯಾಕೆಟ್ ಅಲ್ಲ. ಒಗ್ಗದ ದೊಡ್ಡ ಡಬ್ಬಿ ಕೊಂಡು ಎಸೆಯುವುದು ತಪ್ಪುತ್ತದೆ. ಔಷಧ, ಪೌಷ್ಟಿಕ ಮಾತ್ರೆಗಳ ಸ್ಯಾಂಪಲ್ ಮಾತ್ರ ವೈದ್ಯರನ್ನು ಕೇಳದೆ ಮುಟ್ಟುವುದಿಲ್ಲ. ಸ್ಯಾಂಪಲ್‌ಗೆ ಫಾರ್ಮ್ ತುಂಬುವಾಗ ಬೇರೆಯೇ ಒಂದು ಇಮೇಲ್ ವಿಳಾಸ ಕೊಡುತ್ತೇನೆ. ಹುಟ್ಟಿದ ದಿನಾಂಕ, ಸಂಬಳ, ಗುರುತಿನ ಚೀಟಿ ಕೇಳಿದರೆ ಅಲ್ಲಿಗೇ ಬಿಡುತ್ತೇನೆ. ‘ಉಡುಗೊರೆ ಗೆದ್ದಿದ್ದೀರಿ, ಸಾಗಣೆ ಖರ್ಚು ಮಾತ್ರ ಕಟ್ಟಿ’ ಎಂಬ ಮೆಸೇಜು ವಂಚಕರ ಹಳೆಯ ಬಲೆ. ಅಂಥ ಕೊಂಡಿ ಒತ್ತುವುದಾಗಲಿ, ಓಟಿಪಿ ಹೇಳುವುದಾಗಲಿ ಬೇಡವೇ ಬೇಡ.

ಒಂದು ತಿಂಗಳು ಉಚಿತ ಎನ್ನುವ ಚಂದಾಗಳಿಗೆ ಸೇರಿದ ದಿನವೇ ರದ್ದತಿಯ ಬಟನ್ ಎಲ್ಲಿದೆ ಎಂದು ಹುಡುಕಿಡುತ್ತೇನೆ. ಬಹಳ ಕಡೆ ಅಂದೇ ರದ್ದು ಮಾಡಿದರೂ ಅವಧಿ ಮುಗಿಯುವವರೆಗೆ ಬಳಸಲು ಬಿಡುತ್ತಾರೆ. ಬಿಡದಿದ್ದರೆ ಮುಗಿಯುವ ಎರಡು ದಿನ ಮುಂಚೆ ಫೋನಿನಲ್ಲಿ ಅಲಾರಂ.

ಪಾಯಿಂಟ್ ಕಾರ್ಡು, ಮುದ್ರೆ ಒತ್ತುವ ಕಾರ್ಡುಗಳ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಹೇಗೂ ಹೋಗುವ ಅಂಗಡಿಯದ್ದಾದರೆ ಇಟ್ಟುಕೊಳ್ಳಿ. ಹತ್ತು ಮನೆಯ ಕಾರ್ಡಿನಲ್ಲಿ ಎರಡು ಮುದ್ರೆ ಮೊದಲೇ ಒತ್ತಿ ಕೊಟ್ಟರೆ, ಎಂಟು ಮನೆಯ ಖಾಲಿ ಕಾರ್ಡಿಗಿಂತ ಅದನ್ನು ಹೆಚ್ಚು ಜನ ಪೂರ್ತಿ ಮಾಡುತ್ತಾರೆ ಎಂದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ಕಂಡುಕೊಂಡಿತು: ಶೇ. 34 ಮತ್ತು ಶೇ. 19. ಕೊಳ್ಳಬೇಕಾದದ್ದು ಎರಡರಲ್ಲೂ ಎಂಟೇ ಸಲ.

ಅಗ್ಗ ಸಿಕ್ಕಿತೆಂದು ಎಷ್ಟು ತಂದಿಡಬೇಕು? ಮುಂದಿನ ರಿಯಾಯಿತಿ ಬರುವವರೆಗೆ ಸಾಕಾಗುವಷ್ಟು. ನನ್ನ ಪುಸ್ತಕದ ಪ್ರಕಾರ ಒಂದು ವಸ್ತುವಿನ ಬೆಲೆ ಕೆಲವು ತಿಂಗಳಿಗೊಮ್ಮೆ ತಳಕ್ಕಿಳಿಯುತ್ತದೆ, ಆದ್ದರಿಂದ ವರ್ಷದ ದಾಸ್ತಾನು ಬೇಕಿಲ್ಲ. ಕಾಗದದ ಸಾಮಾನು, ಸೋಪಿನ ಬಿಲ್ಲೆ ಕೆಡುವುದಿಲ್ಲ. ಬ್ಲೀಚ್ ದ್ರಾವಣ ಇಟ್ಟಲ್ಲೇ ಶಕ್ತಿ ಕಳೆದುಕೊಳ್ಳುತ್ತದೆ. ಕ್ರೀಮು ಲೋಷನ್ನುಗಳ ಡಬ್ಬಿಯ ಮೇಲೆ ತೆರೆದ ಮುಚ್ಚಳದ ಚಿತ್ರದೊಳಗೆ ‘12ಎಂ’ ಎಂದಿದ್ದರೆ ತೆರೆದ ಮೇಲೆ ಹನ್ನೆರಡು ತಿಂಗಳು ಎಂದರ್ಥ. ಹೊಸದನ್ನು ಹಿಂದಕ್ಕೆ ಇಟ್ಟು ಹಳೆಯದನ್ನು ಮುಂದಕ್ಕೆ ಎಳೆಯುತ್ತೇವೆ. ಮನೆಯವರೆಲ್ಲರಿಗೂ ಇದನ್ನು ರೂಢಿಸುವುದಕ್ಕೆ ಕೂಪನ್ ಹುಡುಕುವುದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಕಪಾಟಿನಲ್ಲಿ ರಾಶಿ ಕಂಡರೆ ಕೈ ಧಾರಾಳವಾಗುತ್ತದೆ, ಪೇಸ್ಟು ಬೇಗ ಮುಗಿಯುತ್ತದೆ. ಅದಕ್ಕೇ ಹೆಚ್ಚುವರಿಯನ್ನು ಕಣ್ಣಿಗೆ ಬೀಳದ ಕಡೆ ಇಡುತ್ತೇನೆ.

ತಿಂಗಳ ಕೊನೆಗೆ ಒಂದು ಸಣ್ಣ ಕೆಲಸವಿರುತ್ತದೆ. ಗಡುವು ಮುಗಿದ ಕೂಪನ್ನುಗಳನ್ನು ಎಸೆಯುವುದು, ಮುಗಿಯಲಿರುವ ಪಾಯಿಂಟುಗಳನ್ನು ಪಟ್ಟಿಯ ಸಾಮಾನಿಗೆ ಕರಗಿಸುವುದು, ಬಳಸದೆ ಉಳಿದ ಸ್ಯಾಂಪಲ್ಲುಗಳನ್ನು ಬೇಕಾದವರಿಗೆ ಕೊಡುವುದು. ಆ ತಿಂಗಳು ಒಂದು ಸಲವೂ ಉಪಯೋಗಕ್ಕೆ ಬಾರದ ಅಂಗಡಿಗಳ ಮೆಸೇಜುಗಳನ್ನು ಆಗಲೇ ಬಂದ್ ಮಾಡುತ್ತೇನೆ. ಅವರ ಕೂಪನ್ ಬೇಕಾದ ದಿನ ನಾನೇ ಹೋಗಿ ಹುಡುಕಿದರೂ ಸಿಗುತ್ತದೆ.