ಉಗ್ಗನ್ನು ಮುಚ್ಚಿಡುವುದು ಬಿಟ್ಟ ಮೇಲೆ

ನನಗೆ ಆರನೇ ವಯಸ್ಸಿನಿಂದ ಉಗ್ಗು ಇದೆ. ಈಗಲೂ ಇದೆ. ಆದರೂ ಈಗ ನಾನು ಮಾಡುವ ಕೆಲಸ ಮಾತಾಡುವುದೇ. ಹೊಸಬರಿಗೆ ತರಬೇತಿ ಕೊಡುತ್ತೇನೆ.

ಸುಮಾರು 20 ವರ್ಷ ನಾನು ಬರೀ ತಪ್ಪಿಸಿಕೊಂಡು ಓಡಾಡಿದೆ. ‘ಪ’, ‘ಬ’, ‘ಕ’ದಿಂದ ಶುರುವಾಗುವ ಪದ ಬಂದರೆ ಮಾತು ಕಟ್ಟಿಕೊಳ್ಳುತ್ತಿತ್ತು. ‘ಪುಸ್ತಕ’ ಬಾಯಿಗೆ ಬರುವ ಮೊದಲೇ ‘ಹೊತ್ತಿಗೆ’ ಹುಡುಕಿ ಇಟ್ಟುಕೊಳ್ಳುತ್ತಿದ್ದೆ. ‘ಬೆಳಿಗ್ಗೆ’ ಬದಲು ‘ಮುಂಜಾನೆ’. ‘ಕಷ್ಟ’ದ ಬದಲು ‘ತೊಂದರೆ’. ಆದರೆ ನನ್ನ ಹೆಸರೂ ‘ಪ’ದಿಂದಲೇ ಶುರು. ಅದಕ್ಕೆ ಬದಲಿ ಪದ ಎಲ್ಲಿಂದ ತರುವುದು? ಹೆಸರು ಹೇಳಬೇಕಾದ ಕಡೆ ಹೋಗುವುದನ್ನೇ ಬಿಟ್ಟೆ. ಫೋನ್ ಎತ್ತುವುದನ್ನು ಬಿಟ್ಟೆ. ಉತ್ತರ ಗೊತ್ತಿದ್ದರೂ ಸುಮ್ನೆ ಕೂರುತ್ತಿದ್ದೆ. ತಪ್ಪಿಸಿಕೊಂಡಾಗಲೆಲ್ಲ ಆ ಕ್ಷಣಕ್ಕೆ ಹಾಯೆನಿಸುತ್ತಿತ್ತು. ಮುಂದಿನ ಸಲದ ಭಯ ಮಾತ್ರ ಇನ್ನೂ ಜಾಸ್ತಿಯಾಗುತ್ತಿತ್ತು.

ಜೋಸೆಫ್ ಶೀಹನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಉಗ್ಗನ್ನು ಸಮುದ್ರದಲ್ಲಿ ತೇಲುವ ನೀರ್ಗಲ್ಲಿಗೆ (ಐಸ್‌ಬರ್ಗ್) ಹೋಲಿಸಿದ್ದರು. ಅವರಿಗೂ ಉಗ್ಗು ಇತ್ತು. ಕಿವಿಗೆ ಬೀಳುವುದು ಮೇಲಿನ ತುದಿ ಅಷ್ಟೇ, ನಾಚಿಕೆ, ಭಯ, ತಪ್ಪಿತಸ್ಥ ಭಾವ ಎಲ್ಲ ನೀರಿನ ಕೆಳಗೆ. ನನ್ನ ಸ್ಪೀಚ್ ಥೆರಪಿಸ್ಟ್ ಇದನ್ನು ಹೇಳಿದ ದಿನ ನಾನು ಅತ್ತಿದ್ದೆ.

ಆಮೇಲೆ ದಿನಕ್ಕೆ 3 ಫೋನ್ ಕರೆ ಮಾಡಲೇಬೇಕು ಅಂತ ಇಟ್ಟುಕೊಂಡೆ. ಕರೆ ಮುಗಿದ ಕೂಡಲೇ ಯಾವ ಪದ ಸಿಕ್ಕಿಕೊಂಡಿತು, ಆಗ ಮೈಯಲ್ಲಿ ಏನಾಯಿತು ಅಂತ ನೋಟ್‌ಬುಕ್‌ನಲ್ಲಿ ಬರೆದೆ. ಎರಡು ವಾರ ಕಳೆದು ಓದಿದರೆ ಹೆಚ್ಚುಕಡಿಮೆ ಎಲ್ಲ ಪುಟದಲ್ಲೂ ಒಂದೇ ಮಾತು: ಪದಕ್ಕೆ ಮೊದಲೇ ಉಸಿರು ಹಿಡಿದಿದ್ದೆ, ತುಟಿ ಬಿಗಿದಿದ್ದೆ. ಅಷ್ಟು ವರ್ಷ ಓಡಿಹೋಗುತ್ತಿದ್ದವನಿಗೆ ಇದು ಕಂಡಿರಲೇ ಇಲ್ಲ. ಕಾಣುವುದಾದರೂ ಹೇಗೆ, ಅಲ್ವಾ?

ಮುಂದಿನದು ಇನ್ನೂ ಕಷ್ಟದ್ದು. ಬೇಕೆಂದೇ ಉಗ್ಗುವುದು. ಸಲೀಸಾಗಿ ಬರುವ ಪದವನ್ನೂ ‘ಮ ಮ ಮನೆ’ ಅಂತ ನಿಧಾನವಾಗಿ, ಎದುರಿನವರ ಕಣ್ಣು ನೋಡುತ್ತಾ ಹೇಳಬೇಕು. ಮೊದಲ ಸಲ ಅಂಗೈ ಒದ್ದೆಯಾಗಿತ್ತು. ಎದುರಿನವರು ಕಾದರು, ಉತ್ತರ ಕೊಟ್ಟರು, ಹೋದರು. ಅಷ್ಟೇ. ನಿಜವಾಗಿ ಸಿಕ್ಕಿಕೊಂಡಾಗ ಜೋರು ಮಾಡದೆ, ಅಲ್ಲೇ ತುಟಿ ಸಡಿಲಿಸಿ ಪದದೊಳಗೆ ಮೆಲ್ಲಗೆ ಜಾರುವುದನ್ನು ಕಲಿಯಲು ತಿಂಗಳುಗಳೇ ಹಿಡಿದವು. ಕೆಲವು ವಾರ ಎಲ್ಲವೂ ಹಿಂದಕ್ಕೆ ಹೋದಂತೆ ಅನಿಸಿತು. ನೋಟ್‌ಬುಕ್ ಮಾತ್ರ ಬಿಡಲಿಲ್ಲ.

ಕಷ್ಟಗಳೆಲ್ಲ ಒಳ್ಳೆಯದಕ್ಕೇ ಬರುತ್ತವೆ ಅನ್ನುವವರನ್ನು ನಾನು ಒಪ್ಪುವುದಿಲ್ಲ. ಶಾಲೆಯಲ್ಲಿ ಅಣಕಿಸಿಕೊಂಡದ್ದು ನನಗೆ ಏನನ್ನೂ ಕಲಿಸಲಿಲ್ಲ. ಅದು ಬರೀ ನೋವು. ಉಗ್ಗುವ ಮಗುವಿಗೆ ‘ಇದರಿಂದ ಗಟ್ಟಿಯಾಗುತ್ತೀಯ’ ಅಂತ ದಯವಿಟ್ಟು ಹೇಳಬೇಡಿ. ಅದು ಮಾತು ಮುಗಿಸುವವರೆಗೆ ಕಾಯಿರಿ.

ನಾನು ಬೆಳೆದದ್ದು ಆ ನೋಟ್‌ಬುಕ್ ತೆರೆದ ಮೇಲೆ. ಹೆದರಿಕೆಯ ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಿ ಮುಟ್ಟುವುದು ಬಂತು. ತರಬೇತಿ ಕೆಲಸ ಕೇಳಿಕೊಂಡು ಹೋಗುವ ಧೈರ್ಯವೂ ಹಾಗೇ ಬಂತು. ಅಡಗಿಕೊಳ್ಳಲು ಕೂಡಿಟ್ಟ ಪದಗಳೂ ದಂಡವಾಗಲಿಲ್ಲ. ಒಂದು ವಿಷಯ ಯಾರಿಗಾದರೂ ಅರ್ಥವಾಗದಿದ್ದರೆ ಅದನ್ನೇ ನಾಲ್ಕು ಬಗೆಯಲ್ಲಿ ಹೇಳಬಲ್ಲೆ.

ಕಳೆದ ವಾರ ಹೊಸ ತಂಡದ ಮೊದಲ ದಿನ. ‘ನಾನು ಉಗ್ಗುತ್ತೇನೆ, ಸ್ವಲ್ಪ ಕಾಯಿರಿ’ ಅಂದೆ. ಹೆಸರಿನ ‘ಪ’ ಮೂರು ಸಲ ಬಂತು, ನಾಲ್ಕನೇ ಸಲ ಪೂರ್ತಿ ಹೆಸರು ಬಂತು. ಬಿಡುವಿನಲ್ಲಿ ಹಿಂದಿನ ಸಾಲಿನ ಹುಡುಗಿಯೊಬ್ಬಳು ಬಂದು ನಿಂತಳು. ಏನೋ ಕೇಳಬೇಕಿತ್ತು. ಮೊದಲ ಅಕ್ಷರದಲ್ಲೇ ನಿಂತುಬಿಟ್ಟಳು. ನಾನು ಕಾದೆ.