ಬೋರ್ಡೋ ಕಲಸುವ ಮೊದಲು ಐದು ನಿಮಿಷ ಜಪಾನಿನ ಕೆವೈಟಿ ಮಾಡಿ

ಮಳೆ ಹಿಡಿಯುವ ಮೊದಲು ಚಿಕ್ಕಮಗಳೂರಿನ ತೋಟಗಳಲ್ಲಿ ಬೋರ್ಡೋ, ಅಂದರೆ ಮೈಲುತುತ್ತ, ಸುಣ್ಣ ಕಲಸಿ ಮಾಡುವ ಗಿಡದ ರೋಗದ ಔಷಧಿ, ಹೊಡೆಯುವ ಗಡಿಬಿಡಿ. ಬೆಳಿಗ್ಗೆ ತೋಟದ ಕೆಲಸ ನೋಡಿಕೊಳ್ಳುವ ರೈಟರ್ "ಹುಷಾರಾಗಿ ಮಾಡ್ರಪ್ಪ" ಅಂತ ಹೇಳಿ ಹೋಗುತ್ತಾರೆ. ಅದು ಸಾಲದು.

ಜಪಾನಿನ ಕಾರ್ಖಾನೆಗಳಲ್ಲಿ ಕೆವೈಟಿ ಅಂತ ಒಂದು ತರಬೇತಿ ಇದೆ. 1974ರಲ್ಲಿ ಸುಮಿಟೊಮೊ ಮೆಟಲ್ ಕಂಪನಿಯಲ್ಲಿ ಶುರುವಾಗಿದ್ದು. ಕೆವೈ ಅಂದರೆ ಕಿಕೆನ್ ಯೋಚಿ, ಅಪಾಯವನ್ನು ಮೊದಲೇ ಊಹಿಸುವುದು; ಟಿ ಅಂದರೆ ಟ್ರೈನಿಂಗ್. ಮೇಲಿನವರು ಪಾಠ ಮಾಡುವ ಹಾಗಿಲ್ಲ, ಕೆಲಸ ಮಾಡುವವರೇ ಬಾಯಿಬಿಟ್ಟು ಹೇಳಬೇಕು. ನನಗೆ ಹಿಡಿಸಿದ್ದೇ ಇದು.

ಐದಾರು ಜನ ಡ್ರಮ್ಮಿನ ಸುತ್ತ ನಿಲ್ಲಿ. "ಇಲ್ಲಿ ಏನಾಗಬಹುದು?" ಅಂತ ಕೇಳಿ ಸುಮ್ನಿರಿ. "ಏನಾದ್ರೂ ಆಗಬಹುದು" ಅನ್ನುವ ಉತ್ತರ ಬೇಡ, ಹೀಗೆ ಮಾಡಿದರೆ ಹೀಗಾಗುತ್ತೆ ಅಂತ ಬಿಡಿಸಿ ಹೇಳಿಸಿ. ನಮ್ಮ ತೋಟದ ಅಕ್ಕ ಒಬ್ಬರು ಹೇಳಿದ್ದು ಕೇಳಿ: "ಸುಟ್ಟ ಸುಣ್ಣ ನೀರಿಗೆ ಬಿದ್ರೆ ಕೊತಕೊತ ಕುದಿಯುತ್ತೆ, ಕರಗಿತಾ ಅಂತ ಬಗ್ಗಿ ನೋಡ್ತೀವಲ್ಲ, ಆಗ್ಲೇ ಕಣ್ಣಿಗೆ ಹಾರೋದು." ಎಷ್ಟೋ ವರ್ಷ ಅದೇ ಡ್ರಮ್ ಹತ್ತಿರ ನಿಂತಿದ್ದೇನೆ, ನನಗಿದು ಹೊಳೆದಿರಲಿಲ್ಲ.

ಮೈಲುತುತ್ತದ ನೀರು ಕೈಗೆ ತಾಗುವುದು, ಪೈಪ್ ಬಿಟ್ಟುಕೊಳ್ಳುವುದು, ಎಲ್ಲ ಬರಲಿ. ಅದರಲ್ಲಿ ಜಾಸ್ತಿ ಅಪಾಯ ಯಾವುದು ಅಂತ ಎಲ್ಲರೂ ಸೇರಿ ಆರಿಸಿ. ಕಣ್ಣು ಅಂತಾದರೆ ಏನು ಮಾಡೋಣ ಅಂತ ಕೇಳಿ. ಬದಿಯೂ ಮುಚ್ಚುವ ಗಾಗಲ್ ಹಾಕುವುದು, ಬಿಸಿಲಿನ ಕನ್ನಡಕ ಅಲ್ಲ. ಸುಣ್ಣದ ಮೇಲೆ ನೀರು ಸುರಿಯದೆ, ತುಂಬಾ ನೀರಿಗೆ ಸುಣ್ಣವನ್ನೇ ಸ್ವಲ್ಪಸ್ವಲ್ಪ ಹಾಕುವುದು. ಉದ್ದ ಕೋಲಿನಲ್ಲಿ ದೂರದಿಂದ ತಿರುಗಿಸುವುದು. ಕೊನೆಗೆ ಇವತ್ತಿನದು ಅಂತ ಒಂದೇ ಮಾತು ಗಟ್ಟಿ ಮಾಡಿ: "ಗಾಗಲ್ ಹಾಕದೆ ಸುಣ್ಣ ಮುಟ್ಟಲ್ಲ."

ಆಮೇಲೆ ಬೆರಳು. ಕೈ ಪೂರ್ತಿ ಚಾಚಿ ಗಾಗಲ್ ಕಡೆ ತೋರಿಸಿ, "ಗಾಗಲ್, ಸರಿ!" ಅಂತ ಜೋರಾಗಿ ಕೂಗಬೇಕು, ಜಪಾನಿನವರು "ಯೋಶಿ!" ಅನ್ನುವ ಹಾಗೆ. ಮೊದಲ ದಿನ ನಾಚಿಕೆ ಆಗುತ್ತೆ, ಆಗಲಿ. 1994ರಲ್ಲಿ ಅಲ್ಲಿನ ರೈಲ್ವೆ ಸಂಶೋಧನಾ ಸಂಸ್ಥೆ ಪರೀಕ್ಷೆ ಮಾಡಿದಾಗ, 100 ಸಲಕ್ಕೆ 2.38 ಇದ್ದ ತಪ್ಪು ಬೆರಳು ತೋರಿಸಿ ಕೂಗಿದ್ದಕ್ಕೆ 0.38ಕ್ಕೆ ಇಳಿಯಿತು. ಕಣ್ಣು, ಕೈ, ಬಾಯಿ ಮೂರೂ ಸೇರಿದರೆ ಮನಸ್ಸು ಬೇರೆ ಕಡೆ ಹೋಗಲ್ಲ, ಅಲ್ವಾ?

ಒಂದು ಕೊಡ ಒಳ್ಳೆ ನೀರು ಪಕ್ಕದಲ್ಲೇ ಇರಲಿ, ನಲ್ಲಿಯೂ ಹತ್ತಿರ ಇರಲಿ. ಅಕಸ್ಮಾತ್ ಸುಣ್ಣ ಕಣ್ಣಿಗೆ ಬಿದ್ದರೆ ಉಜ್ಜಬೇಡಿ, ಕನಿಷ್ಠ 15 ನಿಮಿಷ ನೀರು ಬಿಟ್ಟು ತೊಳೆದು ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಮಧ್ಯಾಹ್ನ ಊಟ ಆದ ಮೇಲೆ ಇನ್ನೊಮ್ಮೆ ಕೂಗಿಸಿ. ಅಷ್ಟೊತ್ತಿಗೆ ಗಾಗಲ್ ಯಾವುದೋ ಕಾಫಿ ಗಿಡದ ಕೊಂಬೆಗೆ ನೇತಾಡುತ್ತಿರುತ್ತೆ.